ಹಿಪೊಕ್ಯಾಂಪಸ್ ನ್ಯೂರಾನ್‌ಗೆ ಪ್ಲಾಸ್ಮಿಡ್: ಹೊಳೆಯುವುದು ನಾಲ್ಕೈದು, ಸಾಯುವುದು ಉಳಿದೆಲ್ಲ

ಪ್ರಶ್ನೆ, ನ್ಯೂರೈಟ್_24:
ಇಲಿಯ 18 ದಿನದ ಭ್ರೂಣದ ಹಿಪೊಕ್ಯಾಂಪಸ್‌ನಿಂದ (ಮಿದುಳಿನ ನೆನಪಿನ ಭಾಗ) ತೆಗೆದ ನ್ಯೂರಾನ್‌ಗಳು, 24-ವೆಲ್ (ಗುಂಡಿ) ಪ್ಲೇಟ್, ಕಲ್ಚರ್‌ನ 7ನೇ ದಿನ. ಸಿಎಂವಿ ಪ್ರೊಮೋಟರ್ (ಜೀನ್ ಚಾಲೂ ಮಾಡುವ ಡಿಎನ್‌ಎ ತುಣುಕು) ಇರುವ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೊಟೀನ್) ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) 2 ಮೈಕ್ರೊಗ್ರಾಂ, ಲೈಪೊಫೆಕ್ಟಮೈನ್ 2000 (ಡಿಎನ್‌ಎಯನ್ನು ಕೋಶದೊಳಗೆ ಒಯ್ಯುವ ಲಿಪಿಡ್) 4 ಮೈಕ್ರೊಲೀಟರ್, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಪೂರ್ತಿ ಹೊಸ ಮೀಡಿಯಂ (ಪೋಷಕ ದ್ರವ). ಕವರ್‌ಸ್ಲಿಪ್‌ಗೆ ನಾಲ್ಕೈದು ಕೋಶ ಮಾತ್ರ ಹಸಿರು, ಆಕ್ಸಾನ್‌ಗಳೆಲ್ಲ ಮಣಿ ಪೋಣಿಸಿದಂತೆ. ವೈರಸ್ ಬಳಸುವಂತಿಲ್ಲ. ಡಿಎನ್‌ಎ ಇನ್ನೂ ಹೆಚ್ಚಿಸಲೇ?

ಸಿನಾಪ್ಸ್_ಕಟ್ಟೆ:
ಹೆಚ್ಚಿಸಬೇಡಿ, ಇಳಿಸಿ. ಆ ಮಣಿಗಳು ವಿಷದ ಗುರುತು. ಮೊದಲು ವೆಲ್‌ನ ಹಳೆಯ ಮೀಡಿಯಂ ಅರ್ಧ ತೆಗೆದು ಇನ್‌ಕ್ಯುಬೇಟರ್‌ನಲ್ಲೇ ಇಡಿ, ಚೆಲ್ಲಬೇಡಿ. ಕೋಶಗಳೇ ಸ್ರವಿಸಿದ ಪೋಷಕಗಳು ಅದರಲ್ಲಿವೆ. ಪೂರ್ತಿ ಬದಲಿಸಿದ್ದೂ ನಿಮ್ಮ ಕೋಶಗಳ ಸಾವಿಗೆ ಒಂದು ಕಾರಣ. ಬರಿಯ ನ್ಯೂರೊಬೇಸಲ್ (ನ್ಯೂರಾನ್‌ಗೆಂದೇ ಇರುವ ಮೀಡಿಯಂ) 25 ಮೈಕ್ರೊಲೀಟರ್‌ಗೆ ಡಿಎನ್‌ಎ 0.5 ಮೈಕ್ರೊಗ್ರಾಂ, ಇನ್ನೊಂದು 25ಕ್ಕೆ ಲಿಪಿಡ್ 1 ಮೈಕ್ರೊಲೀಟರ್. 5 ನಿಮಿಷ ಬಿಟ್ಟು ಕೂಡಿಸಿ, 20 ನಿಮಿಷ ಕಾಯಿರಿ, ಹನಿ ಹನಿಯಾಗಿ ಹಾಕಿ. ಒಂದೂವರೆ ಗಂಟೆಗೆ ವೆಲ್‌ನ ಮಿಶ್ರಣವನ್ನು ತೆಗೆದು, ಎತ್ತಿಟ್ಟ ಮೀಡಿಯಂಗೆ ಅಷ್ಟೇ ಹೊಸದನ್ನು ಬೆರೆಸಿ ತುಂಬಿ. ವೋರ್ಟೆಕ್ಸ್ (ಜೋರಾಗಿ ಅಲುಗಿಸುವ ಯಂತ್ರ) ಮುಟ್ಟಲೇಬೇಡಿ.

ಪ್ಲಾಸ್ಮಿಡ್_ಪಂಡಿತ:
ಮೇಲಿನದು ಸಾವು ತಪ್ಪಿಸುತ್ತದೆ, ಹಸಿರು ಹೆಚ್ಚಿಸುವುದಿಲ್ಲ. ನ್ಯೂರಾನ್ ವಿಭಜನೆಯಾಗುವುದಿಲ್ಲ, ಹಾಗಾಗಿ ಕೋಶಕೇಂದ್ರದ ಪೊರೆ ಒಡೆಯುವ ಹೊತ್ತೇ ಬರುವುದಿಲ್ಲ. ಪ್ಲಾಸ್ಮಿಡ್ ಬಹುಪಾಲು ಸೈಟೊಪ್ಲಾಸಂನಲ್ಲೇ (ಕೇಂದ್ರದ ಹೊರಗಿನ ಕೋಶದ್ರವ) ಉಳಿದು ಹಾಳಾಗುತ್ತದೆ. ಈ ವಿಧಾನದಲ್ಲಿ ನೂರಕ್ಕೆ 1ರಿಂದ 5 ಸಿಕ್ಕರೆ ಚೆನ್ನಾಗಿಯೇ ಆಯಿತು. ಡೆಂಡ್ರೈಟ್ ಸ್ಪೈನ್ (ನ್ಯೂರಾನ್ ಕವಲಿನ ಮೇಲಿನ ಪುಟ್ಟ ಮುಳ್ಳು) ಎಣಿಸುವುದಕ್ಕೆ ವಿರಳವಾಗಿರುವುದೇ ಲೇಸು. ವೆಸ್ಟರ್ನ್ ಬ್ಲಾಟ್ (ಬಹಳ ಕೋಶ ಬೇಡುವ ಪ್ರೊಟೀನ್ ಪರೀಕ್ಷೆ) ಬೇಕಿದ್ದರೆ ಕೋಶ ಬೇರ್ಪಡಿಸಿದ ದಿನವೇ, ತಟ್ಟೆಗೆ ಹಾಕುವ ಮುಂಚೆ ನ್ಯೂಕ್ಲಿಯೊಫೆಕ್ಷನ್ (ವಿದ್ಯುತ್ ಶಾಕ್‌ನಿಂದ ಡಿಎನ್‌ಎ ತೂರಿಸುವುದು) ಮಾಡಿ: 100 ಮೈಕ್ರೊಲೀಟರ್ ದ್ರಾವಣದಲ್ಲಿ 40-50 ಲಕ್ಷ ಕೋಶ, 3 ಮೈಕ್ರೊಗ್ರಾಂ ಡಿಎನ್‌ಎ. ಶಾಕ್‌ನಿಂದ ಒಂದಷ್ಟು ಸಾಯುತ್ತವೆ, ಹಾಗಾಗಿ ದಟ್ಟವಾಗಿ ಬಿತ್ತಿ. ಸಿಎಂವಿ ನ್ಯೂರಾನ್‌ನಲ್ಲಿ ಮೆಲ್ಲಗೆ ಮೌನವಾಗುತ್ತದೆ. ಸಿನಾಪ್ಸಿನ್ ಅಥವಾ ಸಿಎಜಿ ಪ್ರೊಮೋಟರ್ ಹಾಕಿ. ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ತೆಗೆಯದ ಮಿನಿಪ್ರೆಪ್ (ಸಣ್ಣ ಪ್ರಮಾಣದಲ್ಲಿ ಶುದ್ಧೀಕರಿಸಿದ) ಡಿಎನ್‌ಎ ಆದರೆ ಉಳಿದದ್ದೆಲ್ಲ ವ್ಯರ್ಥ.

ಕ್ಯಾಲ್ಸಿಯಂ_ಫಾಸ್ಫೇಟ್:
ಅಗ್ಗದ ದಾರಿ ನಮ್ಮ ಹಳೆಯ ಕ್ಯಾಲ್ಸಿಯಂ ಫಾಸ್ಫೇಟ್, ಅದರ ಕಣಕ್ಕೆ ಅಂಟಿ ಡಿಎನ್‌ಎ ಕೋಶದೊಳಗೆ ಹೋಗುತ್ತದೆ! ಎಲ್ಲವೂ 2ಎಕ್ಸ್ ಎಚ್‌ಬಿಎಸ್‌ನ (ಇಮ್ಮಡಿ ಸಾಂದ್ರತೆಯ ಬಫರ್ ದ್ರಾವಣ) ಪಿಎಚ್ ಮೇಲೆ: 7.05ರಿಂದ 7.12. ಏರಿದರೆ ದೊಡ್ಡ ಗಟ್ಟಿ, ಇಳಿದರೆ ಕಣವೇ ಇಲ್ಲ. ಬೇಕಾದ್ದು ಸೂಕ್ಷ್ಮದರ್ಶಕದಲ್ಲಿ ನುಣ್ಣನೆ ಮರಳಿನಂಥ ಕಣ. ಕೊನೆಗೆ 10% ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇಟ್ಟು ತುಸು ಆಮ್ಲೀಯವಾಗಿಸಿದ ಮೀಡಿಯಂ ಹಾಕಿ 15-20 ನಿಮಿಷ ಬಿಟ್ಟರೆ ಅಂಟಿದ ಕಣ ಕರಗುತ್ತದೆ. ಕರಗದಿದ್ದರೆ ಅದೇ ಕೋಶ ಕೊಲ್ಲುತ್ತದೆ. ಆ ಹೊತ್ತಿಗೆ 1 ಮಿಲಿಮೋಲಾರ್ ಕೈನುರೆನಿಕ್ ಆಮ್ಲ (ಗ್ಲುಟಮೇಟ್ ಗ್ರಾಹಕ ತಡೆಯುವಂಥದ್ದು) ಇದ್ದರೆ ಗ್ಲುಟಮೇಟ್ ಹೊಡೆತ ತಗ್ಗುತ್ತದೆ.

ನ್ಯೂರೈಟ್_24:
ಸ್ಪೈನ್ ಎಣಿಸುವುದಕ್ಕೇ. ಮೀಡಿಯಂನಲ್ಲಿ ಪೆನ್‌ಸ್ಟ್ರೆಪ್ (ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಆ್ಯಂಟಿಬಯಾಟಿಕ್) ಇರಲಿಯೇ?

ಸಿನಾಪ್ಸ್_ಕಟ್ಟೆ:
ಬೇಡ. ಲಿಪಿಡ್ ಪೊರೆ ಸಡಿಲಿಸಿದಾಗ ಅದೂ ಒಳಹೊಕ್ಕು ವಿಷವಾಗುತ್ತದೆ.