‘ಬಾಧ್ಯತೆ’ ಅಂದರೆ ಹಕ್ಕೋ, ಹೊಣೆಯೋ?

ಎಲ್ಲರಿಗೂ ನಮಸ್ಕಾರ. ಒಂದು ನೋಟಿಸ್ ಬರೆಯಲು ಹೋಗಿ ಪದ ಸಿಗದೆ ಕೂತಿದ್ದೇನೆ.

ಪುಣೆಯಲ್ಲಿ ನಮ್ಮ ಸೊಸೈಟಿಗೆ ಬೇಸಿಗೆಯಲ್ಲಿ ನೀರು ಎರಡೇ ಹೊತ್ತು, ಮೇಲಿನ ಮಹಡಿಗೆ ಅದೂ ಸರಿಯಾಗಿ ಏರಲ್ಲ, ಹಾಗಾಗಿ ದಿನಾ ಜಗಳ. ಸೆಕ್ರೆಟರಿ ಮರಾಠಿಯಲ್ಲಿ ‘ಸಭಾಸದಾಂಚೆ ಹಕ್ಕ ವ ಕರ್ತವ್ಯೆ’ ಅಂತ ಬರೆದು, ಕನ್ನಡದವರು ಆರು ಮನೆ ಇದ್ದೀರಲ್ಲ, ನಿಮ್ಮ ಭಾಷೆಯಲ್ಲೂ ಒಂದು ಹಾಕಿ ಅಂದರು. ನಾನು ಸುಮ್ನೆ ‘ಸದಸ್ಯರ ಹಕ್ಕು ಮತ್ತು ಕರ್ತವ್ಯ’ ಅಂತ ಬರೆದು ಮೂರನೇ ಮಹಡಿಯ ವಿಜಯಪುರದ ಅಜ್ಜಿಗೆ ಓದಿ ಹೇಳಿದೆ. ಅವರು ಕೇಳಿದ್ದು ಇಷ್ಟೇ: “ಹಕ್ಕ ಅಂದ್ರ ಹೊಲದ್ದಲ್ಲೇನೋ ತಮ್ಮಾ? ಕರ್ತವ್ಯ ಪೊಲೀಸರದ್ದು. ನೀರಿಗ್ಯಾಕ ಇವೆಲ್ಲಾ?”

ನಗು ಬಂತು, ಆದರೆ ಅಜ್ಜಿ ಹೇಳಿದ್ದು ತಪ್ಪಲ್ಲ. ಅರಬ್ಬಿಯಿಂದ ಬಂದ ಹಕ್ಕು ನಮ್ಮ ಕಡೆ ಪಹಣಿ, ವಾಟ್ನಿ (ಆಸ್ತಿ ಹಂಚಿಕೆ) ಜೊತೆಗೇ ಬೆಳೆದ ಮಾತು. ಕರ್ತವ್ಯ ಅಂದರೆ ‘ಕರ್ತವ್ಯದ ಮೇಲಿದ್ದ’ ಪೇದೆ. ‘ಅಧಿಕಾರ’ ಬೇಡವೇ ಬೇಡ. ಶಾಲೆಯಲ್ಲಿ ಹಿಂದಿ ಕಲಿತ ನನ್ನ ಮಗಳು ಟಿವಿ ರಿಮೋಟ್ ಹಿಡಿದು “ಇದು ನನ್ನ ಅಧಿಕಾರ” ಅನ್ನುತ್ತಾಳೆ, ಹಿಂದಿಯಲ್ಲಿ ಅದು ಹಕ್ಕು, ಕನ್ನಡದಲ್ಲಿ ಅದು ಕುರ್ಚಿಯವರ ಮಾತಾಗುತ್ತದೆ. (ಗೀತೆಯ ‘ಕರ್ಮಣ್ಯೇವಾಧಿಕಾರಸ್ತೇ’ಯಲ್ಲಿ ಅಧಿಕಾರ ಇರುವುದು ಕೆಲಸದ ಮೇಲೆ, ಫಲದ ಮೇಲೆ ಅಲ್ಲ. ಅಲ್ಲಿ ಅದನ್ನು ಹಕ್ಕು ಅನ್ನಬೇಕೋ, ಕರ್ತವ್ಯ ಅನ್ನಬೇಕೋ?)

ಆಮೇಲೆ ‘ಬಾಧ್ಯತೆ’ ನೆನಪಾಯಿತು, ಗೊಂದಲ ಇನ್ನೂ ಜಾಸ್ತಿ ಆಯಿತು. ‘ಆಸ್ತಿಗೆ ಬಾಧ್ಯಸ್ಥ’ ಅಂದರೆ ಆಸ್ತಿ ಸಿಗುವವನು. ಲೆಕ್ಕಪತ್ರದ ‘ಆಸ್ತಿ ಮತ್ತು ಬಾಧ್ಯತೆ’ಯಲ್ಲಿ ಅದೇ ಪದ ತೀರಿಸಬೇಕಾದ ಸಾಲ. ತೆಲುಗರಿಗಂತೂ ಬಾಧ್ಯತ ಅಂದರೆ ಜವಾಬ್ದಾರಿ.

ಪದ ಹೋಗಲಿ ಅಂದರೆ, ಪಕ್ಕದ ಮನೆಯ ಕಾಕಾ ಬೇರೆ ತಕರಾರು ತೆಗೆದರು. ಹಕ್ಕಿನ ಮಾತೇ ಬೇಡ, ಕರ್ತವ್ಯ ಮಾತ್ರ ಬರೆಯಿರಿ, ಎಲ್ಲರೂ ತಮ್ಮ ಕರ್ತವ್ಯ ಮಾಡಿದರೆ ಹಕ್ಕು ತಾನೇ ಬರುತ್ತದೆ ಅಂತ. 1947ರಲ್ಲಿ ಯುನೆಸ್ಕೊದ ಮುಖ್ಯಸ್ಥರಾಗಿದ್ದ ಜೂಲಿಯನ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಗಾಂಧೀಜಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನನಗೆ ಒಪ್ಪಿಗೆ ಇಲ್ಲ. ನೀರಿನ ವಿಷಯಕ್ಕೆ ದೂರ ಹೋಗುವುದೇ ಬೇಡ, ಇಲ್ಲೇ ಘಟ್ಟ ಇಳಿದರೆ ಮಹಾಡ್ ಇದೆ. ಚವದಾರ್ ಕೆರೆಯ ನೀರು ದಲಿತರು ಮುಟ್ಟದಂತೆ ತಡೆದವರೆಲ್ಲ ತಾವು ಧರ್ಮ ಕಾಯುತ್ತಿದ್ದೇವೆ, ಅದೇ ತಮ್ಮ ಕರ್ತವ್ಯ ಅಂತಲೇ ನಂಬಿದ್ದರು! ಯಾರ ಕರ್ತವ್ಯ ಏನು ಅಂತ ಹೇಳುವವರು ಯಾರು ಅನ್ನುವ ಪ್ರಶ್ನೆ ಆ ದಾರಿಯಲ್ಲಿ ಬಿಟ್ಟೇ ಹೋಗುತ್ತದೆ.

ಆದರೆ ಬರೀ ಹಕ್ಕೂ ಸಾಲಲಿಲ್ಲ, ನೋಡಿ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿಯ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಕಾಗದದ ಮೇಲೆ ಹಕ್ಕು ಬಂತು, ಅದನ್ನು ನಡೆಸಿಕೊಡುವ ಹೊಣೆ ಯಾರೂ ಹೊರಲಿಲ್ಲ. ಕೊನೆಗೆ 1927ರ ಮಾರ್ಚ್ 20ರಂದು ಅಂಬೇಡ್ಕರರೇ ಜನರ ಜೊತೆ ಹೋಗಿ ಆ ನೀರು ಕುಡಿಯಬೇಕಾಯಿತು. 2002ರ ಸಂವಿಧಾನ ತಿದ್ದುಪಡಿ ಈ ವಿಷಯದಲ್ಲಿ ಜಾಣತನ ತೋರಿಸಿದೆ: 21ಎ ವಿಧಿಯಲ್ಲಿ ಮಗುವಿಗೆ ಶಿಕ್ಷಣದ ಹಕ್ಕು, 51ಎ ವಿಧಿಯಲ್ಲಿ ಆ ಮಗುವನ್ನು ಓದಿಸುವ ಕರ್ತವ್ಯ ಹೆತ್ತವರ ಮೇಲೆ, ಎರಡೂ ಒಟ್ಟಿಗೆ ಬಂದವು.

ಗಮನಿಸಿ, ಹಕ್ಕು ‘ನನಗೆ’ ಇರುತ್ತದೆ, ಹೊಣೆ ‘ನನ್ನ ಮೇಲೆ’ ಇರುತ್ತದೆ. ನಮ್ಮ ನೋಟಿಸಿನಲ್ಲಿ ಎಲ್ಲರಿಗೂ ನೀರಿನ ಹಕ್ಕಿದೆ, ಆರು ಗಂಟೆಗೆ ವಾಲ್ವ್ ತಿರುಗಿಸುವುದು ಯಾರ ಮೇಲಿದೆ ಅಂತ ಎಲ್ಲೂ ಇಲ್ಲ.

ಅಜ್ಜಿಯನ್ನೇ ಕೇಳಿದೆ, ನೀವಾದರೆ ಏನಂತ ಬರೀತೀರಿ ಅಂತ. “ನಮ್ಮ ಪಾಲಿನ ನೀರ, ನಮ್ಮ ಪಾಲಿನ ಕೆಲಸ. ಮುಗೀತಲ್ಲ” ಅಂದರು. ಪಾಲು! ಕೇಳುವುದಕ್ಕೂ ಅದೇ, ಮಾಡುವುದಕ್ಕೂ ಅದೇ.

ನನ್ನ ಪ್ರಶ್ನೆ ಎರಡು. ನಿಮ್ಮ ಊರಿನ ಮಾತಿನಲ್ಲಿ ‘ಬಾಧ್ಯತೆ’ ಯಾವ ಕಡೆಗೆ ವಾಲುತ್ತದೆ, ಸಿಗುವುದಕ್ಕೋ, ಕೊಡುವುದಕ್ಕೋ? ‘ಪಾಲು’ ನೋಟಿಸಿಗೆ ನಡೆಯುತ್ತದಾ, ಇಲ್ಲ ಆಸ್ತಿ ಹಂಚಿಕೆ ಅಂತ ಓದುತ್ತಾರಾ? ಭಾನುವಾರದೊಳಗೆ ಹೇಳಿ, ಸೆಕ್ರೆಟರಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದಾರೆ.