ಸಮಸ್ಯಾಪೂರಣ: ‘ಬಾಗಿಲ್ ಮುಚ್ಚಿದೊಡೆ ಪೊಕ್ಕನತಿಥಿಯು ಮನೆಯಂ’

ಕಂದಪ್ರಿಯ: ಈ ವಾರ ಕೊಟ್ಟಿರುವುದು ಕಂದಪದ್ಯದ ಕೊನೆಯ ಪಾದ, ಮೊದಲ ಮೂರನ್ನು ನೀವು ತುಂಬಬೇಕು. ಗಕಾರದ ಗಜಪ್ರಾಸ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ ಗಕಾರ, ಅದರ ಹಿಂದಿನದು ದೀರ್ಘ. ಬಾಗಿಲು ಮುಚ್ಚಿದ ಮೇಲೆ ಅತಿಥಿ ಒಳಗೆ ಬಂದದ್ದು ಹೇಗೆ? ಕಿಟಕಿ, ಕಳ್ಳ, ಹಿತ್ತಿಲ ದಾರಿ ಯಾವುದೂ ಬೇಡ. ವಸ್ತು ಮನುಷ್ಯನ ಗಂಟಲೇ ಆಗಬೇಕು.

ಹಿತ್ತಲಗಿಡ:

ಸಾಗಲ್ ತುತ್ತೊಂದುಸಿರಂ
ಬೇಗನೆ ತಡೆಯುತ್ತ ಕಂಠದೊಳ್ ಮುಚ್ಚಳಮುಂ
ಬಾಗಿತು, ಕವಳಮೆನಿಪ್ಪಂ
ಬಾಗಿಲ್ ಮುಚ್ಚಿದೊಡೆ ಪೊಕ್ಕನತಿಥಿಯು ಮನೆಯಂ

ಗಂಟಲಮಣಿ: ಪದ್ಯ ಚೆನ್ನಾಗಿದೆ ರಾಯರೇ. ಇಎನ್‌ಟಿ ವೈದ್ಯೆಯಾಗಿ ಒಂದು ತಕರಾರು: ಮುಚ್ಚಳಕ್ಕೆ (ಉಸಿರುದಾರಿಯ ಮೇಲೆ ಬಾಗುವ ಎಪಿಗ್ಲಾಟಿಸ್‌ಗೆ) ಇಷ್ಟು ಕೀರ್ತಿ ಸಲ್ಲದು. ನನ್ನ ಹೆಸರಿನ ಜಾಗಕ್ಕೆ ಬೆರಳಿಟ್ಟು ಎಂಜಲು ನುಂಗಿ ನೋಡಿ, ಅದು ಮೇಲಕ್ಕೆ ಜಿಗಿದು ಇಳಿಯುತ್ತದೆ. ಇಡೀ ಧ್ವನಿಪೆಟ್ಟಿಗೆಯೇ ಎದ್ದು, ಮುಂದಕ್ಕೆ ಸರಿದು, ನಾಲಿಗೆಯ ಬುಡದಡಿ ಅಡಗುತ್ತದೆ. ಒಳಗೆ ಧ್ವನಿತಂತುಗಳೆಂಬ ಮಡಿಕೆಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ. ಉಸಿರು ಹೆಚ್ಚುಕಡಿಮೆ ಒಂದು ಸೆಕೆಂಡು ನಿಲ್ಲುತ್ತದೆ. ಅದೇ ಎಳೆತ ಅನ್ನನಾಳದ ಬಾಯಿ ತೆರೆಯುವುದಕ್ಕೂ ನೆರವಾಗುತ್ತದೆ. ಕ್ಯಾನ್ಸರಿನಿಂದ ಮುಚ್ಚಳ ತೆಗೆಸಿಕೊಂಡವರಲ್ಲೂ ಅನೇಕರು ಅಭ್ಯಾಸದಿಂದ ನುಂಗಬಲ್ಲರು. ಉಣ್ಣುತ್ತ ನಗುವವರಿಗೆ ನೆತ್ತಿಗೇರುವುದು ಬಾಗಿಲು ತಡವಾಗಿ ಮುಚ್ಚಿದಾಗ.

ಹಿತ್ತಲಗಿಡ: ಅದಕ್ಕೇ ‘ಮುಚ್ಚಳಮುಂ’ ಎಂದದ್ದು ಡಾಕ್ಟರಮ್ಮ! ಮುಚ್ಚಳವೂ ಬಾಗಿತು, ಮಿಕ್ಕವರ ಪಾಲು ಮಿಕ್ಕವರಿಗೆ.

ಕಂದಪ್ರಿಯ: ಆ ‘ಉಂ’ ಬಂದದ್ದು ಪಾದಾಂತ್ಯದ ಗುರುವಿಗಾಗಿ ಎಂದು ನನ್ನ ಗುಮಾನಿ.

ಮಂದ್ರಷಡ್ಜ: ನಾನು ಹಾಡುವವಳು, ಊಟದ ತಂಟೆಗೆ ಹೋಗುವುದಿಲ್ಲ.

ರಾಗಮದೆಂತೊಗೆದಪುದಯ್?
ತಾಗಿರೆ ಮಡಿಕೆಗಳು ಕಂಠದೊಳ್ ಮಗುಳೆ ಮಗುಳ್
ಆಗಳ್ ಸ್ವರನೆಂಬಾತಂ
ಬಾಗಿಲ್ ಮುಚ್ಚಿದೊಡೆ ಪೊಕ್ಕನತಿಥಿಯು ಮನೆಯಂ

ಕಂದಪ್ರಿಯ: ಸ್ವರ ಹೊರಟು ಹೋಗುವಂಥದ್ದು. ಅದು ಯಾವ ಮನೆಯನ್ನು ಹೊಕ್ಕಿತು?

ಮಂದ್ರಷಡ್ಜ: ಬಾಯನ್ನು! ತಂತುಗಳ ಬಳಿ ಹುಟ್ಟುವುದು ಬರಿಯ ಗುಂಯ್ ಸದ್ದು. ಕೆಳಗಿನ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ, ಅವು ಮತ್ತೆ ಕೂಡಿಕೊಳ್ಳುತ್ತವೆ. ಮಾತಿನಲ್ಲಿ ಗಂಡಸರಿಗೆ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಿಗೆ 200ರ ಆಸುಪಾಸು. ಕೂಡದೆ ಗಾಳಿ ಬಿಟ್ಟರೆ ಪಿಸುಮಾತು. ಸದ್ದು ಬಾಯಿಯನ್ನು ಹೊಕ್ಕ ಮೇಲೆ ನಾಲಿಗೆ ಮುಂದಕ್ಕೆ ಏರಿದರೆ ಇಕಾರ. ಹಿಂದಕ್ಕೆ ಏರಿ ತುಟಿ ದುಂಡಾದರೆ ಉಕಾರ. 1854ರಲ್ಲಿ ಕನ್ನಡಿ ಹಿಡಿದು ತನ್ನದೇ ಗಂಟಲಿನ ಈ ಬಾಗಿಲನ್ನು ಕಂಡ ಮ್ಯಾನುಯೆಲ್ ಗಾರ್ಸಿಯಾ ಸಂಗೀತದ ಮೇಷ್ಟ್ರು, ವೈದ್ಯನಲ್ಲ. ಡಾಕ್ಟರಮ್ಮ ಗಮನಿಸಬೇಕು.

ಹಿತ್ತಲಗಿಡ: ಶಬ್ದ ನಾಭಿಮೂಲದಲ್ಲಿ ಕಹಳೆಯ ಹಾಗೆ ಹುಟ್ಟುತ್ತದೆ ಎಂದು 13ನೆಯ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಹೇಳಿದ್ದಾನಲ್ಲ?

ಗಂಟಲಮಣಿ: ಕೆಳಗಿನಿಂದ ಬರುವುದು ಗಾಳಿಯ ಒತ್ತಡ, ಅಷ್ಟರ ಮಟ್ಟಿಗೆ ನಾಭಿಯನ್ನು ಒಪ್ಪೋಣ. ಕಹಳೆಯನ್ನು ಮಾತ್ರ ಬಿಡಬೇಡಿ. ಊದುವವನ ತುಟಿಗಳು ಅದುರಿ ಕೊಳವೆಯನ್ನು ತುಂಬುವ ಬಗೆಯೇ ತಂತುಗಳ ಬಗೆ. ಗಾರ್ಸಿಯಾನನ್ನು ಗಮನಿಸಿದ್ದೇನೆ, ಕನ್ನಡಿ ಇಂದಿಗೂ ನಮ್ಮ ಮೇಜಿನ ಮೇಲಿದೆ.

ಯತಿಭಂಗ: ಬಿಕ್ಕಳಿಕೆಯ ಮೇಲೆ ಪೂರಣ ಮಾಡಲೇ? ಯಾರೋ ನೆನೆಸಿಕೊಂಡರು, ಬೀಗರು ಬಂದರು ಎಂದು. ‘ಬೀಗ’ ಪ್ರಾಸಕ್ಕೂ ಒದಗುತ್ತದೆ.

ಗಂಟಲಮಣಿ: ಒದಗುವುದಿಲ್ಲ. ಬಿಕ್ಕಳಿಕೆಯಲ್ಲಿ ವಪೆ (ಎದೆ-ಹೊಟ್ಟೆಗಳ ನಡುವಿನ ಸ್ನಾಯು) ಹಠಾತ್ತನೆ ಸೆಳೆದು ಗಾಳಿ ಮೊದಲು ಒಳನುಗ್ಗುತ್ತದೆ, ಬಾಗಿಲು ಆಮೇಲೆ ಧಡಕ್ಕನೆ ಬೀಳುತ್ತದೆ. ಬೀಗರು ಬಂದು ಕೂತ ಮೇಲೆ ಬಾಗಿಲು ಹಾಕಿದರೆ ಸಮಸ್ಯೆಯೇ ಇಲ್ಲವಲ್ಲ.

ಕಂದಪ್ರಿಯ: ಇಬ್ಬರೂ ಆರನೆಯ ಗಣದ ಜಗಣಕ್ಕೆ (ಲಘು-ಗುರು-ಲಘು) ‘ಕಂಠ’ವನ್ನೇ ಕೂರಿಸಿದ್ದೀರಿ, ಮುಂದಿನವರು ಬೇರೆ ದಾರಿ ಹುಡುಕಲಿ. ‘ಮಗುಳೆ ಮಗುಳ್’ (ಮತ್ತೆ ಮತ್ತೆ) ಓದುವಾಗಲೇ ನಾಲಿಗೆ ಮಡಿಕೆಗಳ ಕೆಲಸ ಮಾಡುತ್ತದೆ, ಹಾಗಾಗಿ ನನ್ನ ಮತ ಮಂದ್ರಷಡ್ಜರಿಗೆ. ಮುಂದಿನ ವಾರದ ಪಾದವನ್ನು ಯತಿಭಂಗರು ಕೊಡಲಿ, ಬಿಕ್ಕಳಿಕೆಯ ಮೇಲೆಯೇ.