ದತ್ತು ಬಂದ ಮಗಳು ಮನೆಯ ಊಟ ಮುಟ್ಟುತ್ತಿಲ್ಲ, ಆದರೆ ತಿಂಡಿ ಬಚ್ಚಿಡುತ್ತಾಳೆ

ಪ್ರಶ್ನೆ

ನಮ್ಮ ಮಗಳಿಗೆ ಈಗ ಮೂರೂವರೆ ವರ್ಷ. ಶಿಶುಪಾಲನಾ ಕೇಂದ್ರದಿಂದ ಅವಳನ್ನು ಮನೆಗೆ ಕರೆತಂದು ಐದು ವಾರಗಳಾದವು. ಆಟ, ನಿದ್ದೆ, ಮಾತು ಎಲ್ಲವೂ ಮೆಲ್ಲಮೆಲ್ಲಗೆ ಹಳಿಗೆ ಬರುತ್ತಿದ್ದರೂ ಊಟದ ವಿಷಯದಲ್ಲಿ ಮಾತ್ರ ನಮಗೆ ದಾರಿ ಕಾಣುತ್ತಿಲ್ಲ. ತಟ್ಟೆಯಲ್ಲಿ ಏನಿಟ್ಟರೂ ಮೊದಲು ಮೂಸುತ್ತಾಳೆ; ಬಳಿಕ ಬರಿಯ ಅನ್ನವನ್ನೂ ಬಾಳೆಹಣ್ಣನ್ನೂ ತಿಂದು, ಉಳಿದುದನ್ನು ಬೆರಳ ತುದಿಯಿಂದ ಅಂಚಿಗೆ ತಳ್ಳಿಬಿಡುತ್ತಾಳೆ. ಒತ್ತಾಯಿಸಿ ತರಕಾರಿಯ ತುತ್ತು ಕೊಟ್ಟರೆ ಅದನ್ನು ಕೆನ್ನೆಯೊಳಗೆ ಇಟ್ಟುಕೊಂಡು ಅರ್ಧ ಗಂಟೆಯಾದರೂ ನುಂಗುವುದಿಲ್ಲ. ಹಾಲು ಕುಡಿದ ದಿನ ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ. ಹೀಗಿರುವಾಗ ಮೊನ್ನೆ ಹಾಸಿಗೆ ಕೊಡವುತ್ತಿದ್ದಾಗ ದಿಂಬಿನ ಚೀಲದೊಳಗೆ ನಾಲ್ಕು ಬಿಸ್ಕತ್ತು ಮತ್ತು ಒಣಗಿದ ಬ್ರೆಡ್ಡಿನ ಚೂರು ಸಿಕ್ಕವು. ಊಟ ಬೇಡವೆನ್ನುವ ಮಗು ತಿಂಡಿಯನ್ನೇಕೆ ಬಚ್ಚಿಡುತ್ತದೆ? ಬೇರೇನನ್ನೂ ಕೊಡದೆ ಬಿಟ್ಟರೆ ಹಸಿವಾದಾಗ ತಾನಾಗಿ ತಿನ್ನುತ್ತಾಳೆ ಎಂದು ಅತ್ತೆಯವರು ಹೇಳುತ್ತಾರೆ. ಅದು ಸರಿಯೇ?

ಉತ್ತರ: ದತ್ತು ಪಡೆದ ತಂದೆಯೊಬ್ಬರಿಂದ

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ಹೊತ್ತುಹೊತ್ತಿಗೆ ಊಟ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದ ಮಗುವಿನ ವಿಷಯದಲ್ಲಿ ಆ ಮಾತು ಒಂದಿಷ್ಟು ಸಲ್ಲಬಹುದೇನೋ. ಆದರೆ ಊಟ ತಪ್ಪಬಹುದೆಂಬ ಭಯವನ್ನು ಹೊತ್ತು ಬಂದಿರಬಹುದಾದ ಮಗುವನ್ನು ಹಸಿವಿಗೆ ಬಿಟ್ಟರೆ, ಈ ಮನೆಯಲ್ಲಿಯೂ ಹಾಗೆಯೇ ಎಂಬ ಅದರ ಅನುಮಾನವನ್ನು ನಾವೇ ನಿಜ ಮಾಡಿದಂತಾಗುತ್ತದೆ. ದಿಂಬಿನೊಳಗಿನ ಬಿಸ್ಕತ್ತು ಕಳ್ಳತನವೂ ಅಲ್ಲ, ಹಟವೂ ಅಲ್ಲ. ನಾಳೆಗೆಂದು ತೆಗೆದಿಟ್ಟ ಬುತ್ತಿ ಅದು. ನನ್ನ ಮಗ ಐದನೆಯ ವಯಸ್ಸಿನಲ್ಲಿ ಮನೆಗೆ ಬಂದವನು. ಸುಮಾರು ನಾಲ್ಕು ತಿಂಗಳು ಅವನು ಪ್ರತಿ ರಾತ್ರಿ ದೀಪ ಆರಿಸಿದ ಮೇಲೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಾಳೆ ಊಟ ಇದೆಯಾ?" ಇದೆ ಎಂದು ಎಷ್ಟು ಸಲ ಹೇಳಿದರೂ ಸಾಲದಾದಾಗ, ಮರುದಿನದ ಐದು ಹೊತ್ತಿನ ಆಹಾರದ ಚಿತ್ರಗಳನ್ನು ಬರೆದು ಅವನ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದೆವು. ಅವನು ಆ ಚಿತ್ರಗಳನ್ನು ಬೆರಳಿನಿಂದ ಎಣಿಸಿ ಮಲಗುತ್ತಿದ್ದ.

ಆದ್ದರಿಂದ ಮೊದಲು ಹೊತ್ತು ನಿಗದಿ ಮಾಡಿ. ಈ ವಯಸ್ಸಿನಲ್ಲಿ ಎರಡೂವರೆಯಿಂದ ಮೂರು ಗಂಟೆಗೊಮ್ಮೆ ಊಟವೋ ತಿಂಡಿಯೋ ಎದುರಿಗೆ ಬರಬೇಕು, ಅದು ತಪ್ಪಬಾರದು. ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಬೇಗ ಕೆಡದ ತಿಂಡಿಯನ್ನು ಹಾಕಿ, ಇದು ನಿನ್ನದು, ಬೇಕಾದಾಗ ತೆಗೆದುಕೊಳ್ಳಬಹುದು ಎಂದು ಹೇಳಿ ಅವಳ ಕೈಗೆಟುಕುವಲ್ಲಿ ಇಡಿ. ಇಡಿಯ ಬೀಜ, ಗಟ್ಟಿ ಮಿಠಾಯಿಗಳನ್ನು ಮಾತ್ರ ಅದರಲ್ಲಿ ಹಾಕಬೇಡಿ, ಈ ವಯಸ್ಸಿನವರ ಗಂಟಲಲ್ಲಿ ಅವು ಸಿಕ್ಕಿಕೊಳ್ಳುವ ಅಪಾಯವಿದೆ. ಅವಳ ಎದುರಿನಲ್ಲಿ ದಿಂಬು ತಡಕಬೇಡಿ.

ತಟ್ಟೆಯ ಮುಂದೆ ಕುಳಿತಾಗ ನಮಗೆ ನೆರವಾದದ್ದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿರುವ ಹೊಣೆಯ ಹಂಚಿಕೆ. ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ನಿರ್ಧರಿಸಬೇಕು. ತಿನ್ನುವುದೋ ಬೇಡವೋ, ಎಷ್ಟು ಎಂಬುದನ್ನು ಮಗುವಿಗೆ ಬಿಡಬೇಕು. ಹೇಳುವುದು ಸುಲಭ, ಮಗು ಮುಟ್ಟದ ತಟ್ಟೆಯನ್ನು ಮುಖ ಗಂಟಿಕ್ಕದೆ ಎತ್ತಿಡುವುದನ್ನು ಕಲಿಯಲು ನನಗೆ ಒಂದು ವರ್ಷವೇ ಬೇಕಾಯಿತು.

ಉತ್ತರ: ಮಕ್ಕಳ ಆಹಾರ ಸಲಹೆಗಾರ್ತಿಯೊಬ್ಬರಿಂದ

ಮೇಲಿನವರು ಹೇಳಿದ್ದು ಭಯದ ಮಾತಾಯಿತು. ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಕೆನ್ನೆಯಲ್ಲಿ ಉಳಿಯುವ ತುತ್ತು. ಅಗಿದು ತಿನ್ನುವುದು ಮಕ್ಕಳಿಗೆ ಅಭ್ಯಾಸದಿಂದ ಬರುವ ವಿದ್ಯೆ. ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಮೆತ್ತನೆಯ ಚೂರುಗಳನ್ನು ಬಾಯಲ್ಲಿ ತಿರುಗಿಸುತ್ತ ಅವರು ಇದನ್ನು ಕಲಿಯತೊಡಗುತ್ತಾರೆ. ಬಹಳ ಕಾಲ ಬಾಟಲಿಯಲ್ಲೋ ನುಣ್ಣಗೆ ಕಿವುಚಿದ ಆಹಾರದಲ್ಲೋ ಬೆಳೆದ ಮಗುವಿಗೆ ಆ ಅಭ್ಯಾಸವೇ ತಪ್ಪಿರಬಹುದು. ಹಾಗಿದ್ದರೆ ಅವಳು ತಿನ್ನಲೊಲ್ಲಳು ಎನ್ನುವುದಕ್ಕಿಂತ ತಿನ್ನಲಾರಳು ಎನ್ನುವುದೇ ಸರಿ. ಹಲ್ಲು ಹುಳುಕಾಗಿ ನೋಯುತ್ತಿರುವುದೂ ಉಂಟು. ಅವಳು ಅಲ್ಲಿ ಏನು ತಿನ್ನುತ್ತಿದ್ದಳು ಎಂದಷ್ಟೇ ಅಲ್ಲ, ಯಾವ ಪಾತ್ರೆಯಲ್ಲಿ, ಯಾವ ಹದದಲ್ಲಿ, ಯಾರ ಕೈಯಿಂದ ಎಂಬುದನ್ನೂ ಕೇಂದ್ರದಲ್ಲಿ ವಿಚಾರಿಸಿ.

ಹಾಲಿನ ವಿಷಯವನ್ನು ಮಕ್ಕಳ ವೈದ್ಯರ ಮುಂದಿಡಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದಿದ್ದರೆ ಹೊಟ್ಟೆನೋವು, ಉಬ್ಬರ, ಭೇದಿ ಕಾಣಿಸುತ್ತವೆ. ಜಿಯಾರ್ಡಿಯಾದಂತಹ ಕರುಳಿನ ಪರೋಪಜೀವಿ ಸೋಂಕಿನಿಂದಲೂ ಈ ತೊಂದರೆ ತಾತ್ಕಾಲಿಕವಾಗಿ ಬರಬಹುದು. ಮಲ ಪರೀಕ್ಷೆಯ ಜೊತೆಗೆ ರಕ್ತದಲ್ಲಿನ ಕಬ್ಬಿಣದ ಅಂಶವನ್ನೂ ನೋಡಿಸಿ, ಏಕೆಂದರೆ ಹೊಸ ಮನೆಯಲ್ಲಿ ಮಗು ಬೇಗಬೇಗ ಬೆಳೆಯತೊಡಗಿದಾಗ ಇದ್ದ ಅಲ್ಪ ಕಬ್ಬಿಣವೂ ಖರ್ಚಾಗುತ್ತದೆ. ಉಣ್ಣುವಾಗ ಕೆಮ್ಮು ಬರುವುದು, ಮತ್ತೆ ಮತ್ತೆ ವಾಂತಿಯಾಗುವುದು, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಇಬ್ಬರಿಗೂ ಕೃತಜ್ಞತೆಗಳು. ಕೇಂದ್ರದಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದ ಆಯಾ ಹೇಳಿದ್ದನ್ನು ಕೇಳಿ ನಮಗೆ ನಾಚಿಕೆಯಾಯಿತು, ಏಕೆಂದರೆ ಇಷ್ಟು ದಿನ ನಾವು ಇದನ್ನು ಕೇಳಿಯೇ ಇರಲಿಲ್ಲ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಕಿವುಚಿ, ಆಳವಾದ ಒಂದು ಬಟ್ಟಲಿಗೆ ಹಾಕಿ, ಚಮಚ ಕೊಡುತ್ತಿದ್ದರಂತೆ. ನಾವೋ ಅಗಲವಾದ ತಟ್ಟೆಯಲ್ಲಿ ಎಲ್ಲವನ್ನೂ ಬೇರೆಬೇರೆಯಾಗಿ ಬಡಿಸಿ, ಕೈಯಿಂದ ತಿನ್ನು ಎನ್ನುತ್ತಿದ್ದೆವು. ಆ ಸಂಜೆ ಅನ್ನಕ್ಕೆ ಬೆಂದ ಬೇಳೆಯನ್ನೂ ಗಜ್ಜರಿಯನ್ನೂ ಸೇರಿಸಿ ನುಣ್ಣಗೆ ಕಿವುಚಿ, ಬಟ್ಟಲಿಗೆ ಹಾಕಿ ಮುಂದಿಟ್ಟೆವು. ಮೂಸಿದಳು, ಚಮಚದ ಹಿಂಬದಿಯಿಂದ ಎರಡು ಸಲ ತಟ್ಟಿ ನೋಡಿದಳು, ಬಟ್ಟಲಿನ ತಳ ಕಾಣುವವರೆಗೆ ತಿಂದಳು. ವೈದ್ಯರು ಪರೀಕ್ಷೆಗಳಿಗೆ ಬರೆದುಕೊಟ್ಟು, ಸದ್ಯಕ್ಕೆ ಹಾಲು ನಿಲ್ಲಿಸಿ ಮೊಸರು ಕೊಡಲು ಹೇಳಿದ್ದಾರೆ. ಆದರೆ ಎಷ್ಟು ದಿನ ಹೀಗೆ ಕಿವುಚಿ ಕೊಡುವುದು?

ಉತ್ತರ: ಸಲಹೆಗಾರ್ತಿಯಿಂದ

ಅವಳಿಗೆ ಬೇಕಾದಷ್ಟು ದಿನ, ಆದರೆ ನಿಂತಲ್ಲೇ ನಿಲ್ಲದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಈ ವಾರ ಅದೇ ಬಟ್ಟಲು, ಅದೇ ರುಚಿ, ಕಿವುಚುವುದು ಸ್ವಲ್ಪ ತರಿತರಿಯಾಗಿ. ಅದು ಒಗ್ಗಿದ ಮೇಲೆ ಬೆರಳಿಗೆ ಅದುಮಿದರೆ ಮುದ್ದೆಯಾಗುವಷ್ಟು ಬೆಂದ ತರಕಾರಿಯ ಒಂದೆರಡು ಚೂರು ಪಕ್ಕದಲ್ಲಿ. ಹೊಸ ಆಹಾರವೊಂದು ಮಗುವಿಗೆ ಒಪ್ಪಿಗೆಯಾಗಲು 8ರಿಂದ 15 ಸಲ ರುಚಿ ನೋಡಬೇಕಾಗಬಹುದು, ಆದರೆ ಬಹಳಷ್ಟು ಮನೆಗಳಲ್ಲಿ ಮೂರನೆಯ ಸಲಕ್ಕೇ ಇದು ಅವಳಿಗೆ ಸೇರದು ಎಂದು ತೀರ್ಪು ಬಂದಿರುತ್ತದೆ. ಮೂಸುವುದು, ಮುಟ್ಟುವುದು, ನೆಕ್ಕಿ ಉಗಿಯುವುದು, ಇವೆಲ್ಲ ರುಚಿಯತ್ತ ಹೋಗುವ ಹೆಜ್ಜೆಗಳೇ, ಆದ್ದರಿಂದ ಗದರಬೇಡಿ. ತರಕಾರಿ ತಿಂದರೆ ಸಿಹಿ ಕೊಡುತ್ತೇನೆ ಎಂಬ ಆಮಿಷವನ್ನೂ ಬಿಡಿ. ಅದರಿಂದ ಸಿಹಿಯ ಬೆಲೆ ಏರುತ್ತದೆ, ತರಕಾರಿ ಶಿಕ್ಷೆಯಾಗುತ್ತದೆ. ನೀವೂ ಅದೇ ಹೊತ್ತಿಗೆ ಅವಳ ಜೊತೆ ಕುಳಿತು, ಅವಳ ಬಟ್ಟಲಿನಲ್ಲಿರುವುದನ್ನೇ ಒಂದಿಷ್ಟು ಬಡಿಸಿಕೊಂಡು ತಿನ್ನಿ.

ಪ್ರಶ್ನೆ ಕೇಳಿದವರು, ಎರಡು ತಿಂಗಳ ನಂತರ

ಮಲ ಪರೀಕ್ಷೆಯಲ್ಲಿ ಪರೋಪಜೀವಿ ಕಂಡು ಔಷಧಿಯಾಯಿತು, ಕಬ್ಬಿಣದ ಹನಿಗಳು ನಡೆಯುತ್ತಿವೆ. ಗಜ್ಜರಿಯನ್ನು ಈಗ ಚೂರಾಗಿಯೇ ಅಗಿಯುತ್ತಾಳೆ, ಸೊಪ್ಪನ್ನು ಇನ್ನೂ ಉಗಿಯುತ್ತಾಳೆ. ಬಟ್ಟಲು ಬದಲಾಗಿಲ್ಲ, ಅತ್ತೆಯವರೂ ಈಗ ಅಂತಹುದೇ ಒಂದು ಬಟ್ಟಲಿನಲ್ಲಿ ಉಣ್ಣುತ್ತಿದ್ದಾರೆ. ತಿಂಡಿಯ ಡಬ್ಬಿಯನ್ನು ಮೊದಲ ವಾರ ದಿನಕ್ಕೆ ಮೂರು ಸಲ ತುಂಬಬೇಕಾಗಿತ್ತು. ಕಳೆದ ಸೋಮವಾರ ತುಂಬಿದ್ದು ಈ ಸೋಮವಾರವೂ ಹಾಗೆಯೇ ಇತ್ತು, ಬಿಸ್ಕತ್ತುಗಳು ಮೆತ್ತಗಾಗಿದ್ದವು. ಎಸೆದು, ಅವಳ ಎದುರಿನಲ್ಲಿಯೇ ಹೊಸತು ತುಂಬಿಟ್ಟೆವು.